ಲೆಕ್ಕದಲ್ಲಿ ಪ್ರಗತಿ, ವಾಹನದಲ್ಲಿ ಖಾಲಿ ಆಸನ: ಇಂಗ್ಲೆಂಡಿನ ಕೌಂಟಿ ಅಗ್ನಿಶಾಮಕ ಸೇವೆಗಳ ಸ್ಥಿತಿಗತಿ

ಇಂಗ್ಲೆಂಡಿನ ಪ್ರತಿಯೊಂದು ಅಗ್ನಿಶಾಮಕ ಪ್ರಾಧಿಕಾರವೂ ವರ್ಷಕ್ಕೊಮ್ಮೆ ತನ್ನ ಕೆಲಸದ ಲೆಕ್ಕವನ್ನು ಸಾರ್ವಜನಿಕರ ಮುಂದೆ ಇಡಬೇಕೆಂಬುದು ಅಲ್ಲಿನ ಸರ್ಕಾರ ವಿಧಿಸಿರುವ ಕಟ್ಟಳೆ. 2018ರಲ್ಲಿ ಪರಿಷ್ಕರಣೆಗೊಂಡ ರಾಷ್ಟ್ರೀಯ ಚೌಕಟ್ಟಿನ ಪ್ರಕಾರ ಹಣಕಾಸು, ಆಡಳಿತ ಮತ್ತು ಕಾರ್ಯಾಚರಣೆ ಕುರಿತ ವಾರ್ಷಿಕ ಖಾತರಿ ಹೇಳಿಕೆಯೊಂದನ್ನು ಅವು ಪ್ರಕಟಿಸುತ್ತವೆ. ಕನಿಷ್ಠ ಮೂರು ವರ್ಷಗಳ ಅವಧಿಗೆ ಸಿದ್ಧಪಡಿಸಿದ ಅಪಾಯ ನಿರ್ವಹಣಾ ಯೋಜನೆ ಎಷ್ಟರಮಟ್ಟಿಗೆ ಜಾರಿಗೆ ಬಂತು ಎಂಬುದನ್ನೂ ಅದರಲ್ಲಿ ಹೇಳಬೇಕು. ಎಷ್ಟು ಮಂದಿಯ ನೇಮಕವಾಯಿತು, ಎಷ್ಟು ಮನೆಗಳಿಗೆ ಸುರಕ್ಷತಾ ಭೇಟಿ ನಡೆಯಿತು, ಎಷ್ಟು ಹೊಸ ವಾಹನಗಳು ಬಂದವು ಎಂಬ ವಿವರಗಳೂ ಕೌಂಟಿಗಳ ವಾರ್ಷಿಕ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ.

ಸರ್ಕಾರಿ ಸೇವೆಯೊಂದು ಹೀಗೆ ಲೆಕ್ಕ ಒಪ್ಪಿಸುವುದು ಮೆಚ್ಚತಕ್ಕ ಸಂಗತಿಯೇ. ಆದರೆ ಈ ಹೇಳಿಕೆಗಳನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಬಿಡುವಂತಿಲ್ಲ. ವಾರದ ನಡುವಿನ ಒಂದು ಮಧ್ಯಾಹ್ನ, ಊರಿನ ಹಿರಿಯರೊಬ್ಬರ ಅಡುಗೆಮನೆಗೆ ಬೆಂಕಿ ಬಿದ್ದಾಗ, ಸಮೀಪದ ಠಾಣೆಯಲ್ಲಿರುವ ವಾಹನ ಹೊರಡಲು ಬೇಕಾದಷ್ಟು ಜನ ಇರುತ್ತಾರೆಯೇ? ಕಳೆದ ಹದಿನೈದು ವರ್ಷಗಳಲ್ಲಿ ಇಂಗ್ಲೆಂಡಿನ ಕೌಂಟಿಗಳು ಎದುರಿಸಿದ ಸಿಬ್ಬಂದಿ ಸಮಸ್ಯೆಯ ತಿರುಳು ಈ ಪ್ರಶ್ನೆಯಲ್ಲೇ ಅಡಗಿದೆ.

ಜಿಲ್ಲೆಗೊಂದು ದಳ

ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆ ರಾಜ್ಯ ಸರ್ಕಾರದ ಒಂದು ಇಲಾಖೆ. ಇಂಗ್ಲೆಂಡಿನ ವ್ಯವಸ್ಥೆ ಬೇರೆ. ಎರಡನೇ ಮಹಾಯುದ್ಧದ ವೇಳೆ, 1941ರಲ್ಲಿ, ಎಲ್ಲ ಸ್ಥಳೀಯ ದಳಗಳನ್ನೂ ಒಗ್ಗೂಡಿಸಿ ರಾಷ್ಟ್ರೀಯ ಅಗ್ನಿಶಾಮಕ ಸೇವೆಯನ್ನು ರಚಿಸಲಾಗಿತ್ತು. ಯುದ್ಧ ಮುಗಿದ ಮೇಲೆ 1947ರ ಅಗ್ನಿಶಾಮಕ ಸೇವೆಗಳ ಕಾಯ್ದೆ ಅದನ್ನು ವಿಸರ್ಜಿಸಿ, 1948ರ ಏಪ್ರಿಲ್ 1ರಿಂದ ಹೊಣೆಯನ್ನು ಕೌಂಟಿಗಳಿಗೂ ದೊಡ್ಡ ಪಟ್ಟಣಗಳಿಗೂ ಮರಳಿಸಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಘಟಕ. ಇಂದು ಇಂಗ್ಲೆಂಡಿನಲ್ಲಿ 44 ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳಿವೆ.

ಇವುಗಳ ಒಡೆತನವೂ ಒಂದೇ ಬಗೆಯದಲ್ಲ. ನಾರ್ಫೋಕ್, ಲಿಂಕನ್‌ಶೈರ್, ವಾರ್ವಿಕ್‌ಶೈರ್ ಮುಂತಾದೆಡೆ ಕೌಂಟಿ ಕೌನ್ಸಿಲ್ಲೇ ದಳವನ್ನು ನಡೆಸುತ್ತದೆ. ಡೆವನ್ ಮತ್ತು ಸಾಮರ್ಸೆಟ್ ಕೌಂಟಿಗಳ ದಳಗಳು 2007ರಲ್ಲಿ ಒಂದಾಗಿ, ಸಂಯುಕ್ತ ಪ್ರಾಧಿಕಾರದ ಅಧೀನಕ್ಕೆ ಬಂದವು. ಎಸೆಕ್ಸ್‌ನಲ್ಲಿ 2017ರಿಂದ ಪೊಲೀಸ್ ಮತ್ತು ಅಗ್ನಿಶಾಮಕ ಹೊಣೆ ಎರಡನ್ನೂ ಚುನಾಯಿತ ಆಯುಕ್ತರೊಬ್ಬರೇ ವಹಿಸಿಕೊಂಡರು. ಅಂಥ ವ್ಯವಸ್ಥೆ ಮೊದಲು ಬಂದದ್ದು ಅಲ್ಲಿಯೇ. ಕೇಂದ್ರ ಮಟ್ಟದಲ್ಲಿ ಈ ವಿಷಯ 2016ರಲ್ಲಿ ಗೃಹ ಇಲಾಖೆಗೆ ಹೋಯಿತು. 2025ರ ಏಪ್ರಿಲ್‌ನಿಂದ ಮತ್ತೆ ವಸತಿ ಮತ್ತು ಸ್ಥಳೀಯ ಆಡಳಿತ ಸಚಿವಾಲಯದ ಪಾಲಾಯಿತು.

ಅಳತೆಗೋಲು ಯಾರದು?

ಹಿಂದೆ ಇಡೀ ದೇಶಕ್ಕೆ ಅನ್ವಯವಾಗುವ ಸಮಯದ ಮಾನದಂಡಗಳಿದ್ದವು. ಪ್ರದೇಶಗಳನ್ನು ಅಪಾಯದ ತೀವ್ರತೆಗೆ ತಕ್ಕಂತೆ ವರ್ಗೀಕರಿಸಿ, ಅತ್ಯಂತ ದಟ್ಟ ಪ್ರದೇಶಕ್ಕೆ 5 ನಿಮಿಷದೊಳಗೆ ಎರಡು ವಾಹನ, ವಿರಳ ಜನವಸತಿಯ ಗ್ರಾಮೀಣ ಪ್ರದೇಶಕ್ಕೆ 20 ನಿಮಿಷದೊಳಗೆ ಒಂದು ವಾಹನ ತಲುಪಬೇಕೆಂದು ನಿಗದಿಪಡಿಸಲಾಗಿತ್ತು. ಈ ಮಾನದಂಡಗಳು ಕಟ್ಟಡಗಳನ್ನು ನೋಡುತ್ತವೆ, ಅವುಗಳಲ್ಲಿ ವಾಸಿಸುವ ಜನರನ್ನು ನೋಡುವುದಿಲ್ಲ ಎಂಬ ಟೀಕೆ ಇತ್ತು. 2004ರ ಹೊತ್ತಿಗೆ ಅವುಗಳನ್ನು ಕೈಬಿಟ್ಟು, ಸ್ಥಳೀಯ ಅಪಾಯಕ್ಕೆ ತಕ್ಕಂತೆ ಪ್ರತಿ ಪ್ರಾಧಿಕಾರವೂ ತನ್ನದೇ ಗುರಿಯನ್ನು ಹಾಕಿಕೊಳ್ಳಲು ಅವಕಾಶ ನೀಡಲಾಯಿತು. ಅದೇ ವರ್ಷದ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಕಾಯ್ದೆ ಬೆಂಕಿ ನಂದಿಸುವುದರ ಜೊತೆಗೆ ಬೆಂಕಿ ತಡೆಯ ಪ್ರಚಾರ ಮತ್ತು ರಸ್ತೆ ಅಪಘಾತಗಳಲ್ಲಿ ರಕ್ಷಣೆಯನ್ನೂ ಶಾಸನಬದ್ಧ ಕರ್ತವ್ಯವಾಗಿಸಿತು.

ಈ ಬದಲಾವಣೆಯಲ್ಲಿ ವಿವೇಕವಿತ್ತು. ಬೆಂಕಿಯಲ್ಲಿ ಸಾಯುವವರಲ್ಲಿ ವೃದ್ಧರ ಪ್ರಮಾಣ ಹೆಚ್ಚು. ಅವರ ಮನೆಗೆ ಮುಂಚಿತವಾಗಿ ಹೋಗಿ ಹೊಗೆ ಎಚ್ಚರಿಕೆ ಸಾಧನ ಅಳವಡಿಸುವುದು ವಾಹನ ಎರಡು ನಿಮಿಷ ಬೇಗ ತಲುಪುವುದಕ್ಕಿಂತ ಹೆಚ್ಚು ಜೀವ ಉಳಿಸಬಲ್ಲದು. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬೆಂಕಿಗೆ ಬಲಿಯಾಗುವವರ ವಾರ್ಷಿಕ ಸಂಖ್ಯೆ 700ನ್ನು ಮೀರಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು 250ರ ಆಸುಪಾಸಿನಲ್ಲಿದೆ. ಹೊಗೆ ಎಚ್ಚರಿಕೆ ಸಾಧನಗಳು, ಪೀಠೋಪಕರಣಗಳ ಬೆಂಕಿ ಸುರಕ್ಷತೆ ಕುರಿತ 1988ರ ನಿಯಮಗಳು, ಧೂಮಪಾನದ ಇಳಿಕೆ ಎಲ್ಲವೂ ಸೇರಿ ಈ ಫಲ ದೊರೆಯಿತು.

ಆದರೆ ಇದೇ ವ್ಯವಸ್ಥೆ ವಾರ್ಷಿಕ ಪ್ರಗತಿಯ ಹೋಲಿಕೆಯನ್ನು ಕಷ್ಟವಾಗಿಸಿತು. ಒಂದು ಕೌಂಟಿ ನಿಗದಿತ ಗುರಿಯನ್ನು ನೂರಕ್ಕೆ ತೊಂಬತ್ತರಷ್ಟು ಸಾಧಿಸಿದ್ದೇನೆ ಎನ್ನಬಹುದು, ನೆರೆಯ ಕೌಂಟಿ ಎಪ್ಪತ್ತರಷ್ಟು ಎನ್ನಬಹುದು. ಮೊದಲನೆಯದರ ಗುರಿಯೇ ಸಡಿಲವಾಗಿದ್ದರೆ ಆ ತೊಂಬತ್ತಕ್ಕೆ ಏನು ಬೆಲೆ? ಇನ್ನೊಂದೆಡೆ ದೇಶದ ಒಟ್ಟಾರೆ ಅಂಕಿಅಂಶ ಬೇರೆಯದೇ ಕಥೆ ಹೇಳುತ್ತದೆ. ಮನೆ, ವಾಹನ, ಕಟ್ಟಡಗಳ ಬೆಂಕಿಗೆ ಮೊದಲ ವಾಹನ ತಲುಪಲು 1990ರ ದಶಕದ ಮಧ್ಯದಲ್ಲಿ ಸರಾಸರಿ 6 ನಿಮಿಷದಷ್ಟು ಸಮಯ ಬೇಕಾಗುತ್ತಿತ್ತು. 2020ರ ದಶಕದಲ್ಲಿ ಅದು 9 ನಿಮಿಷವನ್ನು ದಾಟಿದೆ. ಗ್ರಾಮೀಣ ಕೌಂಟಿಗಳಲ್ಲಿ ಇನ್ನೂ ಹೆಚ್ಚು. ರಸ್ತೆ ದಟ್ಟಣೆ ಒಂದು ಕಾರಣ, ಸಿಬ್ಬಂದಿ ಇನ್ನೊಂದು.

ಕಡಿತದ ವರ್ಷಗಳು

2010ರ ನಂತರದ ಮಿತವ್ಯಯದ ನೀತಿ ಅಗ್ನಿಶಾಮಕ ಸೇವೆಗಳನ್ನೂ ಬಿಡಲಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2015ರಲ್ಲಿ ನೀಡಿದ ವರದಿಯಂತೆ, 2010-11ರಿಂದ 2015-16ರ ನಡುವೆ ಕೇಂದ್ರ ಸರ್ಕಾರದ ಅನುದಾನ ಬೆಲೆಯೇರಿಕೆ ಕಳೆದು ಸರಾಸರಿ ಶೇ. 28ರಷ್ಟು ಇಳಿಯಿತು. ಸ್ಥಳೀಯ ತೆರಿಗೆಯ ಆದಾಯವನ್ನು ಸೇರಿಸಿದರೂ ಇಳಿಕೆ ಶೇ. 17. ನೌಕರರ ಒಕ್ಕೂಟವಾದ ಫೈರ್ ಬ್ರಿಗೇಡ್ಸ್ ಯೂನಿಯನ್ ಪ್ರಕಾರ 2010ರ ಬಳಿಕ ಐದರಲ್ಲೊಂದು ಅಗ್ನಿಶಾಮಕ ಹುದ್ದೆ ಇಲ್ಲವಾಗಿದೆ.

ಬೆಂಕಿಯೇ ಕಡಿಮೆಯಾಗಿರುವಾಗ ಜನರೂ ಕಡಿಮೆ ಸಾಕಲ್ಲವೇ ಎಂಬ ವಾದ ಮೇಲ್ನೋಟಕ್ಕೆ ಸರಿ. ಆದರೆ ಅಗ್ನಿಶಾಮಕ ಸೇವೆ ಕರೆಯ ಸಂಖ್ಯೆಗೆ ತಕ್ಕಂತೆ ಕುಗ್ಗಿಸಬಹುದಾದ ಉದ್ಯಮವಲ್ಲ. ವಿಸ್ತಾರವಾದ ಗ್ರಾಮೀಣ ಕೌಂಟಿಯಲ್ಲಿ ಒಂದು ಠಾಣೆಗೆ ವಾರಕ್ಕೆ ಒಂದೇ ಕರೆ ಬಂದರೂ ಆ ಒಂದು ಕರೆಗೆ ಪೂರ್ತಿ ತಂಡ ಬೇಕು. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕಾನಿಂಗ್ಸ್‌ಬಿಯಲ್ಲಿ ಉಷ್ಣಾಂಶ 40.3 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಬ್ರಿಟನ್ನಿನ ದಾಖಲೆಯಾಯಿತು. ಅಂದು ಒಣಗಿದ ಹುಲ್ಲು, ಗದ್ದೆ, ಮನೆಗಳು ಹಲವು ಕೌಂಟಿಗಳಲ್ಲಿ ಏಕಕಾಲಕ್ಕೆ ಹೊತ್ತಿಕೊಂಡವು. ಲಂಡನ್ ಜೊತೆಗೆ ನಾರ್ಫೋಕ್, ಸಫೋಕ್, ಲೆಸ್ಟರ್‌ಶೈರ್‌ಗಳ ದಳಗಳೂ ಭಾರಿ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಮಾಮೂಲು ದಿನಕ್ಕೆ ಸಾಲುವ ಸಿಬ್ಬಂದಿ ಅಂಥ ದಿನಕ್ಕೆ ಸಾಲದು ಎಂಬುದು ಅಂದು ಸ್ಪಷ್ಟವಾಯಿತು.

ಹಳ್ಳಿಯ ದಳದ ಬೆನ್ನೆಲುಬು

ಕೌಂಟಿಗಳ ಸಿಬ್ಬಂದಿ ಸಮಸ್ಯೆಯನ್ನು ಅರ್ಥಮಾಡಿಕೊಳ್ಳಲು ಆನ್-ಕಾಲ್ ಅಗ್ನಿಶಾಮಕರ ಪದ್ಧತಿಯನ್ನು ಅರಿಯಬೇಕು. ಇಂಗ್ಲೆಂಡಿನ ಅಗ್ನಿಶಾಮಕರಲ್ಲಿ ಸುಮಾರು ಮೂರರಲ್ಲೊಂದು ಪಾಲು ಇವರೇ. ಇವರು ಠಾಣೆಯಲ್ಲಿ ಕುಳಿತು ಕಾಯುವವರಲ್ಲ. ಬಡಗಿ, ಗ್ಯಾರೇಜ್ ಮೆಕ್ಯಾನಿಕ್, ಅಂಗಡಿ ಮಾಲೀಕ, ಕಚೇರಿ ನೌಕರ, ಹೀಗೆ ತಮ್ಮ ತಮ್ಮ ಉದ್ಯೋಗ ಮಾಡಿಕೊಂಡಿದ್ದು, ಸೊಂಟದಲ್ಲಿರುವ ಪೇಜರ್ ಸದ್ದು ಮಾಡಿದ ಕೂಡಲೇ ಠಾಣೆಗೆ ಓಡುವವರು. ಸಾಮಾನ್ಯವಾಗಿ ಠಾಣೆಯಿಂದ ಸುಮಾರು 5 ನಿಮಿಷದ ದಾರಿಯೊಳಗೆ ವಾಸ ಅಥವಾ ಉದ್ಯೋಗ ಇರಬೇಕೆಂಬುದು ಷರತ್ತು. ವರ್ಷಕ್ಕೊಂದು ನಿಗದಿತ ಸಂಭಾವನೆ, ಅದರ ಮೇಲೆ ಹಾಜರಾದ ಪ್ರತಿ ಕರೆಗೆ ಹಣ ಎಂಬುದು ಸಾಂಪ್ರದಾಯಿಕ ವೇತನ ಕ್ರಮ. ನಾರ್ಫೋಕ್‌ನ 42 ಠಾಣೆಗಳಲ್ಲಿ ಬಹುಪಾಲು ಇಂಥವರನ್ನೇ ಅವಲಂಬಿಸಿವೆ.

ವಾಹನ ಹೊರಡಬೇಕಾದರೆ ಸಾಮಾನ್ಯವಾಗಿ ಕನಿಷ್ಠ ನಾಲ್ವರು ಬೇಕು. ಅವರಲ್ಲಿ ಒಬ್ಬ ತರಬೇತಿ ಪಡೆದ ಚಾಲಕನಿರಬೇಕು, ಒಬ್ಬ ತಂಡದ ನಾಯಕನಿರಬೇಕು, ಉಸಿರಾಟದ ಉಪಕರಣ ಧರಿಸಿ ಹೊಗೆಯೊಳಗೆ ನುಗ್ಗಬಲ್ಲವರಿರಬೇಕು. ಠಾಣೆಯ ಪಟ್ಟಿಯಲ್ಲಿ ಹತ್ತು ಹೆಸರುಗಳಿದ್ದರೂ ಆ ಹೊತ್ತಿಗೆ ಊರಿನಲ್ಲಿ ಚಾಲಕ ಇಲ್ಲದಿದ್ದರೆ ವಾಹನ ಒಳಗೇ ನಿಲ್ಲುತ್ತದೆ. ನಕ್ಷೆಯಲ್ಲಿ ಠಾಣೆ ಇದೆ, ಲೆಕ್ಕದಲ್ಲಿ ವಾಹನವಿದೆ, ಪಟ್ಟಿಯಲ್ಲಿ ಜನರಿದ್ದಾರೆ. ಕರೆಗೆ ಹೋಗುವುದು ಮಾತ್ರ ಮುಂದಿನ ಊರಿನ ದಳ. ವಾರದ ದಿನಗಳ ಹಗಲಿನಲ್ಲಿ ಈ ಕೊರತೆ ಹೆಚ್ಚು.

ಇದಕ್ಕೆ ಕಾರಣಗಳು ಅಗ್ನಿಶಾಮಕ ಠಾಣೆಯ ಗೋಡೆಯಾಚೆ ಇವೆ. ಹಳ್ಳಿಗಳಲ್ಲಿ ಮನೆಗಳ ಬೆಲೆ ದುಡಿಯುವ ಯುವಜನರ ಕೈಗೆಟುಕದಂತಾಗಿದೆ. ಊರಿನಲ್ಲಿ ಉಳಿದವರೂ ಉದ್ಯೋಗಕ್ಕಾಗಿ ದೂರದ ಪಟ್ಟಣಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಕೆಲಸದ ನಡುವೆ ನೌಕರನನ್ನು ಬಿಟ್ಟುಕೊಡುವ ಸ್ಥಳೀಯ ಮಾಲೀಕರು ವಿರಳರಾಗಿದ್ದಾರೆ. ಇದರ ಜೊತೆಗೆ ಒಂದು ವಿಪರ್ಯಾಸವೂ ಇದೆ. ಬೆಂಕಿ ತಡೆಯಲ್ಲಿ ಸೇವೆ ಯಶಸ್ವಿಯಾದಷ್ಟೂ ಕರೆಗಳು ಕಡಿಮೆಯಾಗುತ್ತವೆ. ಕರೆ ಕಡಿಮೆಯಾದಷ್ಟೂ ಆನ್-ಕಾಲ್ ಸಿಬ್ಬಂದಿಯ ಆದಾಯ ಇಳಿಯುತ್ತದೆ. ವಾರದ ಅನೇಕ ತಾಸು ಊರು ಬಿಟ್ಟು ಕದಲದೆ ಕಾಯುವ ಬದ್ಧತೆ ಮಾತ್ರ ಹಾಗೆಯೇ ಉಳಿಯುತ್ತದೆ. ಸಂಸಾರಸ್ಥನೊಬ್ಬ ಈ ಲೆಕ್ಕವನ್ನು ಎಷ್ಟು ವರ್ಷ ಸಹಿಸಿಯಾನು?

ಡೆವನ್ ಮತ್ತು ಸಾಮರ್ಸೆಟ್ ಸೇವೆ ಈ ಗಂಟನ್ನು ಬಿಡಿಸಲು ಯತ್ನಿಸಿದ ರೀತಿ ಗಮನಾರ್ಹ. ಠಾಣೆಗಳ ಮರುಹೊಂದಾಣಿಕೆಯ ಪ್ರಸ್ತಾಪಕ್ಕೆ ಸಾರ್ವಜನಿಕರಿಂದ ತೀವ್ರ ವಿರೋಧ ಬಂದ ಬಳಿಕ, 2020ರ ಜನವರಿಯಲ್ಲಿ ಪ್ರಾಧಿಕಾರ ಮೂಲ ಯೋಜನೆಯ ಬಹುಪಾಲನ್ನು ಕೈಬಿಟ್ಟಿತು. ಬಡ್ಲಿ ಸಾಲ್ಟರ್ಟನ್ ಠಾಣೆಯನ್ನು ಮುಚ್ಚುವ ನಿರ್ಧಾರವನ್ನು ಉಳಿಸಿಕೊಂಡಿತು. ಜೊತೆಜೊತೆಗೇ ಆನ್-ಕಾಲ್ ಸಿಬ್ಬಂದಿಗೆ ಹೊಸ ವೇತನ ಕ್ರಮವನ್ನು ತಂದಿತು. ಹೋದ ಕರೆಗಳ ಲೆಕ್ಕಕ್ಕಿಂತ ಲಭ್ಯರಿದ್ದ ಗಂಟೆಗಳ ಲೆಕ್ಕಕ್ಕೆ ಹೆಚ್ಚು ಹಣ ಎಂಬುದು ಅದರ ಸಾರ. ಕಾಯುವುದೂ ಕೆಲಸವೇ ಎಂದು ಒಪ್ಪಿಕೊಂಡ ಈ ಕ್ರಮ, ಸಿಬ್ಬಂದಿ ಸುಧಾರಣೆ ಎಂದರೆ ಬರಿಯ ಹೊಸ ನೇಮಕಾತಿ ಅಲ್ಲವೆಂಬುದಕ್ಕೆ ಉದಾಹರಣೆ.

ಹೊರಗಿನವರ ಕಣ್ಣು

ತನ್ನ ಬೆನ್ನು ತನಗೆ ಕಾಣದು. 2017ರಲ್ಲಿ ಪೊಲೀಸ್ ಪರಿವೀಕ್ಷಣಾ ಸಂಸ್ಥೆಯ ವ್ಯಾಪ್ತಿಯನ್ನು ವಿಸ್ತರಿಸಿ, ಇಂಗ್ಲೆಂಡಿನ ಅಗ್ನಿಶಾಮಕ ಸೇವೆಗಳನ್ನೂ ಅದರ ಪರಿಶೀಲನೆಗೆ ಒಳಪಡಿಸಿದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಪರಿಣಾಮಕಾರಿತ್ವ, ದಕ್ಷತೆ, ಸಿಬ್ಬಂದಿಯ ಪಾಲನೆ ಎಂಬ ಮೂರು ತಲೆಬರಹಗಳಡಿ 2018ರಿಂದ ತಪಾಸಣೆ ಆರಂಭವಾಯಿತು. ಪ್ರತಿ ಸೇವೆಯ ಶ್ರೇಣಿಯೂ ಬಹಿರಂಗವಾಯಿತು. ಆರಂಭದಲ್ಲಿ ಶ್ರೇಣಿಗಳು ನಾಲ್ಕಿದ್ದವು. ಮೂರನೇ ಸುತ್ತಿನ ತಪಾಸಣೆಯಲ್ಲಿ 'ಸಮಾಧಾನಕರ' ಎಂಬ ಐದನೆಯದು ಸೇರಿತು.

ಫಲಿತಾಂಶಗಳು ಅನೇಕ ಕೌಂಟಿಗಳಿಗೆ ಮುಜುಗರ ತಂದವು. ಪಶ್ಚಿಮ ಸಸೆಕ್ಸ್ ಸೇವೆಗೆ 2019ರಲ್ಲಿ ಪ್ರಕಟವಾದ ವರದಿಯಲ್ಲಿ ಸಿಬ್ಬಂದಿ ಪಾಲನೆಯ ವಿಷಯದಲ್ಲಿ 'ಅಸಮರ್ಪಕ' ಎಂಬ ಅತ್ಯಂತ ಕೆಳಗಿನ ಶ್ರೇಣಿ ಸಿಕ್ಕಿತು. ಕಟ್ಟಡಗಳ ಅಗ್ನಿ ಸುರಕ್ಷತೆಯನ್ನು ಪರಿಶೀಲಿಸುವ ನುರಿತ ಅಧಿಕಾರಿಗಳ ಕೊರತೆಯತ್ತಲೂ ಪರಿವೀಕ್ಷಕರು ಮತ್ತೆ ಮತ್ತೆ ಬೊಟ್ಟು ಮಾಡಿದರು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ದುರಂತದಲ್ಲಿ 72 ಮಂದಿ ಬಲಿಯಾದ ನಂತರ, 2021ರ ಅಗ್ನಿ ಸುರಕ್ಷತಾ ಕಾಯ್ದೆ ಮತ್ತು 2022ರ ಕಟ್ಟಡ ಸುರಕ್ಷತಾ ಕಾಯ್ದೆ ಜಾರಿಗೆ ಬಂದು ಈ ಅಧಿಕಾರಿಗಳ ಹೊಣೆ ಹೆಚ್ಚಿತು. ಇಂಥವರನ್ನು ತರಬೇತುಗೊಳಿಸಲು ವರ್ಷಗಳು ಬೇಕು. ತರಬೇತಿ ಮುಗಿದವರನ್ನು ಹೆಚ್ಚಿನ ಸಂಬಳ ಕೊಟ್ಟು ಕರೆದೊಯ್ಯಲು ಖಾಸಗಿ ವಲಯ ಕಾಯುತ್ತಿರುತ್ತದೆ.

ಅದಕ್ಕಿಂತ ಗಂಭೀರವಾದುದು ಠಾಣೆಯೊಳಗಿನ ವಾತಾವರಣ. 2022ರ ನವೆಂಬರ್‌ನಲ್ಲಿ ಹೊರಬಂದ ಸ್ವತಂತ್ರ ಪರಾಮರ್ಶೆ ಲಂಡನ್ ಅಗ್ನಿಶಾಮಕ ದಳದಲ್ಲಿ ಸ್ತ್ರೀದ್ವೇಷವೂ ಜನಾಂಗೀಯ ತಾರತಮ್ಯವೂ ಸಾಂಸ್ಥಿಕವಾಗಿವೆ ಎಂದು ಹೇಳಿತು. 2023ರ ಮಾರ್ಚ್‌ನಲ್ಲಿ ಪರಿವೀಕ್ಷಣಾ ಸಂಸ್ಥೆ ಎಲ್ಲ ಸೇವೆಗಳ ಮೌಲ್ಯ ಮತ್ತು ಸಂಸ್ಕೃತಿ ಕುರಿತು ನೀಡಿದ ವರದಿ, ನಾಲ್ಕರಲ್ಲೊಂದು ಸೇವೆಯಲ್ಲಿ ಇಂಥ ನಡವಳಿಕೆಯ ದೂರುಗಳು ತನ್ನ ಗಮನಕ್ಕೆ ಬಂದಿದ್ದನ್ನು ದಾಖಲಿಸಿ 35 ಶಿಫಾರಸುಗಳನ್ನು ಮಾಡಿತು. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ನಿರ್ಭಯವಾಗಿ ದೂರು ನೀಡುವ ವ್ಯವಸ್ಥೆ ಅವುಗಳಲ್ಲಿ ಸೇರಿದ್ದವು. ಇಂಗ್ಲೆಂಡಿನ ಅಗ್ನಿಶಾಮಕರಲ್ಲಿ ಮಹಿಳೆಯರು ಆಗ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಜನ ಸಿಗುತ್ತಿಲ್ಲ ಎಂದು ಕೊರಗುವ ಸೇವೆ, ಊರಿನ ಅರ್ಧ ಜನರಿಗೆ ತನ್ನ ಬಾಗಿಲು ಅಹಿತಕರವಾಗಿರುವಂತೆ ನೋಡಿಕೊಂಡರೆ ಆ ಕೊರಗಿಗೆ ಅರ್ಥವಿಲ್ಲ. ವಾರದ ಹಗಲಿನಲ್ಲಿ ಊರಿನಲ್ಲೇ ಇರುವ ಮಹಿಳೆಯರು ಎಷ್ಟೋ ಮಂದಿ.

ಸಂಖ್ಯೆಗೆ ಸಿಗದ ಹೊಣೆ

ಸಿಬ್ಬಂದಿ ಇದ್ದರಷ್ಟೇ ಸಾಲದು, ಅವರನ್ನು ಸುರಕ್ಷಿತವಾಗಿ ಮನೆಗೆ ಮರಳಿಸುವ ತರಬೇತಿಯೂ ಮಾಹಿತಿಯೂ ಬೇಕು. 2007ರ ನವೆಂಬರ್‌ನಲ್ಲಿ ವಾರ್ವಿಕ್‌ಶೈರ್‌ನ ಅದರ್‌ಸ್ಟನ್-ಆನ್-ಸ್ಟೂರ್ ಎಂಬಲ್ಲಿ ಗೋದಾಮಿಗೆ ಬಿದ್ದ ಬೆಂಕಿಯಲ್ಲಿ ನಾಲ್ವರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಸಿಬ್ಬಂದಿಯ ಸುರಕ್ಷತೆ ಖಚಿತಪಡಿಸುವಲ್ಲಿ ಲೋಪವಾಯಿತೆಂದು ಕೌಂಟಿ ಕೌನ್ಸಿಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು; 2012ರಲ್ಲಿ ಅದಕ್ಕೆ 30,000 ಪೌಂಡ್ ದಂಡ ವಿಧಿಸಲಾಯಿತು. 2025ರ ಮೇ 15ರಂದು ಆಕ್ಸ್‌ಫರ್ಡ್‌ಶೈರ್‌ನ ಬಿಸೆಸ್ಟರ್‌ನಲ್ಲಿ ಸಂಭವಿಸಿದ ಬೆಂಕಿ ಇಬ್ಬರು ಅಗ್ನಿಶಾಮಕರನ್ನೂ ಒಬ್ಬ ನಾಗರಿಕರನ್ನೂ ಬಲಿ ಪಡೆಯಿತು. ವಾರ್ಷಿಕ ಹೇಳಿಕೆಯಲ್ಲಿ ತರಬೇತಿಯ ಗಂಟೆಗಳು ಒಂದು ಅಂಕಣವಷ್ಟೇ. ಅವು ಸಾಲದೆ ಹೋದಾಗ ತೆರುವ ಬೆಲೆಗೆ ಅಂಕಣವಿಲ್ಲ.

ವೇತನದ ಪ್ರಶ್ನೆಯೂ ಉಳಿದಿದೆ. 2023ರ ಆರಂಭದಲ್ಲಿ ಮುಷ್ಕರದ ಪರ ಭಾರಿ ಬಹುಮತದಿಂದ ಮತ ಹಾಕಿದ್ದ ಒಕ್ಕೂಟ, ಮಾರ್ಚ್‌ನಲ್ಲಿ ಪೂರ್ವಾನ್ವಯವಾಗಿ ಶೇ. 7 ಹಾಗೂ ಆ ಜುಲೈನಿಂದ ಶೇ. 5ರ ಹೆಚ್ಚಳಕ್ಕೆ ಒಪ್ಪಿ ಹಿಂದೆ ಸರಿಯಿತು. ಬೆಂಕಿ ನಂದಿಸುವವರು ಬೀದಿಗಿಳಿಯುವ ಪ್ರಮೇಯ ತಪ್ಪಿತು ಎಂಬ ಸಮಾಧಾನ ಸರ್ಕಾರಕ್ಕೆ ಸಿಕ್ಕಿತು. ಆದರೆ ಹೆಚ್ಚುವರಿ ವೇತನದ ಹಣ ಎಲ್ಲಿಂದ ಬರಬೇಕೆಂಬ ತಲೆನೋವು ಸ್ಥಳೀಯ ಪ್ರಾಧಿಕಾರಗಳ ಪಾಲಿಗೆ ಬಂತು.

ಈ ನಡುವೆ ಕೌಂಟಿಗಳ ಭೂಪಟವೇ ಬದಲಾಗುತ್ತಿದೆ. ಕಂಬ್ರಿಯಾ ಕೌಂಟಿ ಕೌನ್ಸಿಲ್ 2023ರ ಏಪ್ರಿಲ್‌ನಲ್ಲಿ ರದ್ದಾಗಿ, ಅಲ್ಲಿನ ಅಗ್ನಿಶಾಮಕ ಸೇವೆ ಪೊಲೀಸ್ ಆಯುಕ್ತರ ಅಧೀನಕ್ಕೆ ಹೋಯಿತು. ಎರಡು ಹಂತದ ಸ್ಥಳೀಯ ಆಡಳಿತವನ್ನು ಕೊನೆಗಾಣಿಸುವ ಉದ್ದೇಶವನ್ನು 2024ರ ಡಿಸೆಂಬರ್‌ನ ಶ್ವೇತಪತ್ರ ಪ್ರಕಟಿಸಿತು. ಪೊಲೀಸ್ ಆಯುಕ್ತರ ಹುದ್ದೆಯನ್ನು 2028ರಲ್ಲಿ ರದ್ದುಪಡಿಸುವುದಾಗಿ ಸರ್ಕಾರ 2025ರ ನವೆಂಬರ್‌ನಲ್ಲಿ ಘೋಷಿಸಿತು. ಹಲವೆಡೆ ದಳದ ಒಡೆಯ ಬದಲಾಗುವುದು ಖಚಿತ. ಇಂಥ ಸಂಧಿಕಾಲದಲ್ಲಿ ಹಳೆಯ ಸಂಸ್ಥೆ ಕೊಟ್ಟ ಮಾತಿಗೆ ಹೊಸ ಸಂಸ್ಥೆ ಉತ್ತರದಾಯಿಯಾಗುವುದೇ ಎಂಬ ಸಂಶಯ ಸಹಜ. ವರ್ಷದಿಂದ ವರ್ಷಕ್ಕೆ ಒಂದೇ ಅಳತೆಯಲ್ಲಿ ಲೆಕ್ಕ ಇಡದಿದ್ದರೆ, ಆಡಳಿತ ಕೈ ಬದಲಾದಾಗ ಹಳೆಯ ಕೊರತೆಗಳು ಕಡತದೊಳಗೆ ಮುಚ್ಚಿಹೋಗುತ್ತವೆ.

ಹಾಗೆಂದು ಕಳೆದ ವರ್ಷಗಳ ಪ್ರಗತಿಯನ್ನು ಅಲ್ಲಗಳೆಯುವಂತಿಲ್ಲ. ಬೆಂಕಿಗೆ ಬಲಿಯಾಗುವವರ ಸಂಖ್ಯೆ ಇಳಿದಿದೆ. ಹೊರಗಿನವರು ಬಂದು ಪರಿಶೀಲಿಸಿ, ಕಂಡದ್ದನ್ನು ಹೆಸರು ಹಿಡಿದು ಪ್ರಕಟಿಸುವ ಪದ್ಧತಿ ನೆಲೆಯೂರಿದೆ. ಕಾಯುವ ಗಂಟೆಗೂ ಬೆಲೆ ಕಟ್ಟುವ ಪ್ರಯೋಗ ನಡೆದಿದೆ. ಇನ್ನು ಬೇಕಾದದ್ದು ಹೆಚ್ಚಿನದೇನಲ್ಲ. ಪ್ರತಿ ಕೌಂಟಿಯೂ ತನ್ನ ವಾರ್ಷಿಕ ಹೇಳಿಕೆಯ ಮೊದಲ ಪುಟದಲ್ಲೇ, ಯಾವ ಠಾಣೆಯ ವಾಹನ ವರ್ಷದ ಎಷ್ಟು ಗಂಟೆ ಪೂರ್ಣ ತಂಡದೊಂದಿಗೆ ಸಿದ್ಧವಿತ್ತು ಎಂಬ ಒಂದು ಅಂಕಿಯನ್ನು, ಹಗಲು ಮತ್ತು ಇರುಳು ಬೇರೆ ಬೇರೆಯಾಗಿ, ಇಡೀ ದೇಶಕ್ಕೆ ಒಂದೇ ಮಾದರಿಯಲ್ಲಿ ಕೊಡಬೇಕು. ನೇಮಕಾತಿ, ವೇತನ, ತರಬೇತಿ, ಠಾಣೆಯ ವಾತಾವರಣ ಯಾವುದರಲ್ಲಿ ಎಡವಿದರೂ ಅದರ ಪರಿಣಾಮ ಆ ಅಂಕಿಯಲ್ಲಿ ಕಂಡೇ ಕಾಣುತ್ತದೆ. ತೆರಿಗೆ ಕಟ್ಟುವ ಊರಿನವರು ತಮ್ಮ ಠಾಣೆಯ ಬಗ್ಗೆ ಕೇಳಬೇಕಾದದ್ದೂ ಅದನ್ನೇ.